‘ಒಬ್ಬ ಸಹೋದರ’ನಿಗಾಗಿ ಪ್ರಾರ್ಥನೆ

ಲೆಂಟ್ ಕಾಲದ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳ, ಬುಧವಾರದ ಸಂಜೆ ಕೂಟದಲ್ಲಿ ನಾನು ಮಾತಾಡಿದ್ದನ್ನು ಬರೆದು ಕೊಡಿ ಅಂತ ನಮ್ಮ ಸಭೆಯ ಹುಡುಗರು ಎರಡು ವಾರದಿಂದ ಬೆನ್ನು ಹತ್ತಿದ್ದರು. ಅವತ್ತು ನನ್ನ ಹತ್ತಿರ ಇದ್ದದ್ದು ನಾಲ್ಕು ಸಾಲಿನ ಒಂದು ಚೀಟಿ. ಉಳಿದದ್ದೆಲ್ಲ ನಿಂತಲ್ಲೇ ಬಂದ ಮಾತು. ಈಗ ಫೋನಿಗೆ ಬಾಯಲ್ಲಿ ಹೇಳಿ ಬರೆಸುತ್ತಿದ್ದೇನೆ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಫೋನಿಗೆ ಸತ್ಯವೇದದ, ಅಂದರೆ ಬೈಬಲಿನ, ಹೆಸರುಗಳು ತಿಳಿಯುವುದಿಲ್ಲ. ‘ನಾಮಾನ’ ಅಂದರೆ ಅದು ‘ನಮ್ಮ ಮಾನ’ ಅಂತ ಬರೆಯಿತು. ತಿದ್ದಿದ್ದೇನೆ. ಹಾಗೇ ಬಿಟ್ಟಿದ್ದರೂ ಪೂರ್ತಿ ತಪ್ಪಾಗುತ್ತಿರಲಿಲ್ಲ ಅನಿಸುತ್ತದೆ.

ಅವತ್ತು ಮೊದಲು ಒಂದು ಪ್ರಶ್ನೆ ಕೇಳಿದ್ದೆ. ಕಳೆದ ಭಾನುವಾರದಿಂದ ಇವತ್ತಿನ ತನಕ ಯಾರ್ಯಾರು ಬೇರೆಯವರ ಕಾಯಿಲೆಗಾಗಿ ಪ್ರಾರ್ಥನೆ ಮಾಡಿದ್ದೀರಿ, ಕೈ ಎತ್ತಿ. ಹೆಚ್ಚುಕಡಿಮೆ ಎಲ್ಲರ ಕೈ ಮೇಲೆ ಹೋಯಿತು. ಸರಿ, ‘ನನಗೆ ಹೀಗಾಗಿದೆ, ನನಗೋಸ್ಕರ ಪ್ರಾರ್ಥನೆ ಮಾಡಿ’ ಅಂತ ಬಾಯಿಬಿಟ್ಟು ಇನ್ನೊಬ್ಬರನ್ನು ಕೇಳಿದವರು? ಎರಡು ಕೈ. ಅದರಲ್ಲಿ ಒಂದು, ಫ್ಯಾನ್ ಜೋರು ಮಾಡಿ ಅಂತ ಎತ್ತಿದ್ದು.

ನಮ್ಮಲ್ಲಿ ಯಾರಿಗೂ ಏನೂ ಇಲ್ಲವೇ? ಇದೆ. ಶುಗರ್ ಇದೆ, ಥೈರಾಯ್ಡ್ ಇದೆ, ಮೊಣಕಾಲಂತೂ ಕೇಳಲೇಬೇಡಿ, ಮೊಣಕಾಲೂರಿ ಪ್ರಾರ್ಥಿಸೋಣ ಅಂದರೆ ಅರ್ಧ ಜನ ಬೆಂಚಿನಲ್ಲೇ ಸ್ವಲ್ಪ ಮುಂದಕ್ಕೆ ಬಾಗಿ ಸುಧಾರಿಸುತ್ತೇವೆ. ರಾತ್ರಿ ನಿದ್ದೆ ಬರದವರಿದ್ದಾರೆ, ಮನಸ್ಸು ಕತ್ತಲಾಗಿ ಕೂತವರಿದ್ದಾರೆ. ಆದರೆ ಕೂಟದಲ್ಲಿ ‘ಪ್ರಾರ್ಥನಾ ವಿಷಯ ಏನಾದರೂ ಇದೆಯಾ?’ ಅಂತ ಕೇಳಿದರೆ ಅತ್ತೆಯದು ಬರುತ್ತದೆ, ಪಕ್ಕದ ಮನೆಯವರದು ಬರುತ್ತದೆ, ಮಗನ ಕೆಲಸದ್ದು ಬರುತ್ತದೆ. ನಮ್ಮದು ಬರುವುದಿಲ್ಲ. ‘ನಾವು ಆರಾಮ, ಕರ್ತನ ಕೃಪೆ’ ಅಂದುಬಿಡುತ್ತೇವೆ.

ಇದನ್ನು ನಾನು ಬೇರೆಯವರ ಮೇಲೆ ಹಾಕಿ ಹೇಳುತ್ತಿಲ್ಲ. ಇದರಲ್ಲಿ ನಾನೇ ಎಲ್ಲರಿಗಿಂತ ಗಟ್ಟಿಗ.

ಮೂರು ವರ್ಷದ ಹಿಂದೆ ನನ್ನ ಎಡಭುಜ ಬಿಗಿಯತೊಡಗಿತು. ಅಂಗಿಯ ತೋಳಿಗೆ ಕೈ ಹಾಕುವುದೇ ಕಷ್ಟ. ಭುಜ ಹಿಡಿದುಕೊಂಡಿದೆ ಅಂದರು, ವ್ಯಾಯಾಮ ಕೊಟ್ಟರು, ಬಾಗಿಲಿಗೆ ಹಗ್ಗ ಕಟ್ಟಿ ಎಳೆದದ್ದೂ ಆಯಿತು. ಈ ನಡುವೆ ಒಂದು ದಿನ ಒಲೆಯ ಮೇಲೆ ಒಗ್ಗರಣೆ ಹೊತ್ತಿ ಮನೆಯೆಲ್ಲ ಹೊಗೆ, ನಾನು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದೆ, ನನಗೆ ವಾಸನೆಯೇ ಬರಲಿಲ್ಲ. ವಯಸ್ಸಾಯಿತು ಅಂತ ನಕ್ಕೆವು. ಆಮೇಲೆ ಎಡಗೈ ನಡುಗಲು ಶುರುವಾಯಿತು. ಸುಮ್ನೆ ಕೂತಾಗ ಹೆಬ್ಬೆರಳು ಮತ್ತು ತೋರುಬೆರಳು ತಮ್ಮಷ್ಟಕ್ಕೆ ಏನನ್ನೋ ಹೊಸೆಯುತ್ತಿರುವ ಹಾಗೆ ಆಡುತ್ತಿದ್ದವು, ಬತ್ತಿ ಹೊಸೆದ ಹಾಗೆ.

ಸಭೆಯಲ್ಲಿ ನಾನು ಹಿರಿಯ, ಅಂದರೆ ಸಭೆಯ ಜವಾಬ್ದಾರಿ ಹೊತ್ತವರಲ್ಲಿ ಒಬ್ಬ. ಭಾನುವಾರ ಕಾಣಿಕೆ ತಟ್ಟೆ ಹಿಡಿದು ಸಾಲು ಸಾಲಾಗಿ ಹೋಗುವವರಲ್ಲಿ ನಾನೂ ಒಬ್ಬ. ನಮ್ಮದು ಹಿತ್ತಾಳೆ ತಟ್ಟೆ. ಒಳಗೆ ಕೆಂಪು ಮಖಮಲ್ ಬಟ್ಟೆ ಅಂಟಿಸಿದ್ದರು, ಅದು ಹಳೆಯದಾಗಿ ಒಂದು ಕಡೆ ಕಿತ್ತುಕೊಂಡಿತ್ತು. ತಟ್ಟೆ ಎತ್ತಿಕೊಂಡಾಗ ಮೊದಲು ಏನೂ ಆಗುತ್ತಿರಲಿಲ್ಲ. ನಾಲ್ಕು ಹೆಜ್ಜೆ ಹೋಗಿ ಒಂದು ಸಾಲಿನ ಹತ್ತಿರ ತಟ್ಟೆ ಹಿಡಿದು ನಿಂತೆ ಅಂದರೆ ನಿಧಾನಕ್ಕೆ ಶುರು, ಬಟ್ಟೆ ಇಲ್ಲದ ಕಡೆ ಇದ್ದ ಚಿಲ್ಲರೆ ಕಿಣಿಕಿಣಿ ಅನ್ನುವುದು. ವಾದ್ಯ ಬಾರಿಸುತ್ತಿರುವಾಗ ಯಾರಿಗೂ ಕೇಳಿಸದು. ವಾದ್ಯ ನಿಂತ ಕೂಡಲೇ ಕೇಳಿಸುತ್ತದೆ. ನಾನು ಏನು ಮಾಡುತ್ತಿದ್ದೆ ಗೊತ್ತಾ? ಮನೆಯಿಂದ ಹೊಸ ಹತ್ತು ರೂಪಾಯಿ ನೋಟುಗಳನ್ನು ತಂದು ಮೊದಲೇ ತಟ್ಟೆಯ ತಳಕ್ಕೆ ಹಾಸಿಬಿಡುತ್ತಿದ್ದೆ. ಸದ್ದು ಆಗಬಾರದು ಅಂತ. ಆ ತಿಂಗಳುಗಳಲ್ಲಿ ನನ್ನ ಕಾಣಿಕೆ ಚೆನ್ನಾಗಿ ಜಾಸ್ತಿಯಾಯಿತು, ಕಾರಣ ಮಾತ್ರ ಇದು!

ಒಂದು ಭಾನುವಾರ ಮೂರನೇ ಸಾಲಿನಲ್ಲಿ ಕೂರುವ ಅಜ್ಜಿಯೊಬ್ಬರು ತಟ್ಟೆಗೆ ದುಡ್ಡು ಹಾಕುವುದನ್ನು ಬಿಟ್ಟು ನನ್ನ ಮಣಿಕಟ್ಟು ಹಿಡಿದುಕೊಂಡರು. “ಯಾಕೋ ತಮ್ಮಾ, ಕೈ ನಡಗಾಕ್ಹತ್ತೈತಲ್ಲ?” ಅಂದರು. ಕಿವಿ ಮಂದ ಅವರದು, ಅದಕ್ಕೇ ದನಿ ಜೋರು. “ಬಿಪಿ ಅಜ್ಜಿ” ಅಂದೆ. ದೇವಾಲಯದ ಒಳಗೆ, ಕಾಣಿಕೆ ತಟ್ಟೆ ಕೈಯಲ್ಲಿ ಹಿಡಿದುಕೊಂಡು, ಸಲೀಸಾಗಿ ಸುಳ್ಳು ಹೇಳಿದೆ.

ನರದ ಡಾಕ್ಟರರ ಹತ್ತಿರ ಒಬ್ಬನೇ ಹೋದೆ. ಬೆರಳು ಬೆರಳು ಬಡಿಯಲು ಹೇಳಿದರು, ನಡೆದು ತೋರಿಸಲು ಹೇಳಿದರು, ಹಾಳೆ ಕೊಟ್ಟು ಒಂದು ವಾಕ್ಯ ಬರೆಯಿರಿ ಅಂದರು. ನಾನು ಅಭ್ಯಾಸಬಲದಿಂದ ‘ಕರ್ತನು ನನಗೆ ಕುರುಬನು’ ಅಂತ ಬರೆದೆ. ‘ಕರ್ತನು’ ದೊಡ್ಡದಾಗಿ ಬಂತು, ‘ಕುರುಬನು’ ಅನ್ನುವಷ್ಟರಲ್ಲಿ ಅಕ್ಷರ ಸಾಸಿವೆ ಕಾಳಿನಷ್ಟಾಗಿತ್ತು. ಡಾಕ್ಟರ್ ಅದನ್ನೇ ನೋಡುತ್ತಾ ಕೂತರು. ಪಾರ್ಕಿನ್ಸನ್ ಅಂದರು. ಮಿದುಳಿನಲ್ಲಿ ಡೋಪಮಿನ್ ಅನ್ನುವ ರಸ ತಯಾರಿಸುವ ಕೋಶಗಳು ಸಾಯುತ್ತಾ ಬರುತ್ತವೆ, ನಡುಕ, ಬಿಗಿತ, ನಿಧಾನ ಎಲ್ಲ ಅದರಿಂದಲೇ, ವಾಸನೆ ಹೋದದ್ದೂ ಅಕ್ಷರ ಚಿಕ್ಕದಾದದ್ದೂ ಅದರದೇ ಲಕ್ಷಣ ಅಂತ ವಿವರಿಸಿದರು. ಮಾತ್ರೆ ಇದೆ, ಹತೋಟಿಯಲ್ಲಿ ಇಡುತ್ತದೆ, ಪೂರ್ತಿ ತೆಗೆದುಹಾಕುವುದಿಲ್ಲ ಅಂದರು. ಮನೆಗೆ ಬಂದು ಹೆಂಡತಿಗೆ “ನರದ ವೀಕ್‌ನೆಸ್ ಅಂತೆ, ವಿಟಮಿನ್ ಕೊಟ್ಟಿದ್ದಾರೆ” ಅಂದೆ.

ಮಗಳಿಗೆ ಸಂಬಂಧ ನೋಡುತ್ತಿದ್ದೆವು. ಅಪ್ಪನಿಗೆ ನರದ ಕಾಯಿಲೆ ಅಂದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಮುಚ್ಚಿಟ್ಟಿದ್ದಕ್ಕೆ ಈ ಕಾರಣ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಹೆಂಡತಿಗೆ ಯಾಕೆ ಹೇಳಲಿಲ್ಲ? ದೇವರಿಗೆ ಯಾಕೆ ಹೇಳಲಿಲ್ಲ? ದೇವರೇನು ಹೋಗಿ ಬೀಗರಿಗೆ ಹೇಳುತ್ತಿದ್ದನೇ?

ಹೌದು, ದೇವರಿಗೂ ಹೇಳಲಿಲ್ಲ. ಒಂದೂವರೆ ವರ್ಷ. ಆ ಸಮಯದಲ್ಲಿ ನಾನು ಪ್ರತಿ ಶುಕ್ರವಾರ ಆಸ್ಪತ್ರೆ ವಾರ್ಡಿಗೆ ಹೋಗಿ ರೋಗಿಗಳಿಗಾಗಿ ಪ್ರಾರ್ಥನೆ ಮಾಡುತ್ತಿದ್ದೆ. ಬಲಗೈಯನ್ನು ಅವರ ತಲೆಯ ಮೇಲೆ ಇಡುವುದು, ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಡುವುದು. ಮಾತು ನದಿಯ ಹಾಗೆ ಹರಿಯುತ್ತಿತ್ತು. ಮನೆಗೆ ಬಂದು ಮಂಚದ ಅಂಚಿನಲ್ಲಿ ಕೂತರೆ ನನ್ನ ಬಗ್ಗೆ ಒಂದು ಶಬ್ದ ಹೊರಡದು. ಮನಸ್ಸು ಒಳ್ಳೊಳ್ಳೆಯ ಕಾರಣ ಹುಡುಕಿ ಕೊಡುತ್ತಿತ್ತು. ದೇವರಿಗೆ ಗೊತ್ತಿಲ್ಲದ್ದು ಏನಿದೆ, ಹೇಳುವುದ್ಯಾಕೆ? ಕ್ಯಾನ್ಸರ್ ಬಂದ ಚಿಕ್ಕ ಮಕ್ಕಳಿದ್ದಾರೆ, ಅವರ ಮುಂದೆ ನನ್ನ ಕೈ ನಡುಕ ಯಾವ ದೊಡ್ಡದು? ಕೇಳಿದರೆ ಸ್ವಾರ್ಥ ಆಗುವುದಿಲ್ಲವೇ?

ನೋಡಿ, ಇವೆಲ್ಲ ಎಷ್ಟು ವಿನಯದ ಮಾತುಗಳು ಅಲ್ವಾ? ನನಗೂ ಹಾಗೇ ಅನಿಸಿತ್ತು. ಬುಡ ಕೆದಕಿದಾಗ ಸಿಕ್ಕಿದ್ದು ಬೇರೆ. ನಾನು ಕೊಡುವ ಕಡೆ ನಿಂತವನು. ಬೇಡುವ ಕಡೆ ನಿಲ್ಲುವುದು ನನಗೆ ಒಗ್ಗದು. ಹಿರಿಯ ಅನ್ನಿಸಿಕೊಂಡವನು ರೋಗಿ ಅನ್ನಿಸಿಕೊಳ್ಳಬೇಕಾಗುತ್ತದಲ್ಲ, ಅದೇ ಗಂಟಲಲ್ಲಿ ಸಿಕ್ಕಿಕೊಂಡದ್ದು. ಸ್ವಾರ್ಥ ಅನ್ನುವ ಮಾತಂತೂ ನಿಲ್ಲುವುದೇ ಇಲ್ಲ. ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ತನಗೋಸ್ಕರವೇ ಕೇಳಿದ, ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ದೂರವಾಗಲಿ ಅಂತ. ಒಂದು ಸಲ ಅಲ್ಲ, ಅದನ್ನೇ ಮೂರು ಸಲ. ಅದೂ ಸಾಲದೆ ಮೂವರು ಗೆಳೆಯರನ್ನು ಕರೆದುಕೊಂಡು ಹೋಗಿ, ನನ್ನ ಜೊತೆ ಸ್ವಲ್ಪ ಎಚ್ಚರವಾಗಿರಿ ಅಂತ ಅವರ ಹತ್ತಿರವೂ ಕೇಳಿಕೊಂಡ. ಅವರು ನಿದ್ದೆ ಮಾಡಿದರು, ಆ ಮಾತು ಬೇರೆ.

ಈಗ ನಾಮಾನನ ಕಥೆಗೆ ಬರುತ್ತೇನೆ. ಎರಡನೆಯ ಅರಸುಗಳು, ಐದನೇ ಅಧ್ಯಾಯ. ಭಾನುವಾರ ಶಾಲೆಯಲ್ಲಿ ನಮಗೆಲ್ಲ ಕಲಿಸಿದ್ದು ಏಳು ಸಲ ಮುಳುಗಿ ಎದ್ದ, ಗುಣವಾದ ಅಂತ. ಅದರ ಮೊದಲಿನ ಭಾಗವನ್ನು ಓದಿದಾಗಲೆಲ್ಲ ನನಗೆ ಯಾರೋ ನನ್ನ ಜಾತಕ ಓದುತ್ತಿದ್ದಾರೆ ಅನಿಸುತ್ತದೆ.

ಅರಾಮ್ ದೇಶದ ಸೇನಾಪತಿ ಈ ನಾಮಾನ. ಗೆದ್ದವನು, ಅರಸನಿಗೆ ಬೇಕಾದವನು, ಆದರೆ ಮೈಮೇಲೆ ಕುಷ್ಠ. ಅವನ ಮನೆಯಲ್ಲಿ ಕೆಲಸಕ್ಕಿದ್ದ ಒಬ್ಬ ಚಿಕ್ಕ ಹುಡುಗಿ, ಇಸ್ರಾಯೇಲಿನಿಂದ ಸೆರೆಹಿಡಿದು ತಂದವಳು, ಸಮಾರ್ಯದಲ್ಲಿ ಒಬ್ಬ ಪ್ರವಾದಿ ಇದ್ದಾನೆ ಅಂತ ಯಜಮಾನಿಗೆ ಹೇಳುತ್ತಾಳೆ. ಆ ಹುಡುಗಿಗೆ ಸತ್ಯವೇದದಲ್ಲಿ ಹೆಸರೂ ಇಲ್ಲ. ಇವನು ಹೊರಡುತ್ತಾನೆ. ಹೇಗೆ? ಹತ್ತು ತಲಾಂತು ಬೆಳ್ಳಿ, ಅಂದರೆ ನಮ್ಮ ಲೆಕ್ಕದಲ್ಲಿ 300 ಕಿಲೋಗೂ ಜಾಸ್ತಿ. 6,000 ಶೇಕೆಲ್ ಬಂಗಾರ. ಹತ್ತು ಜೊತೆ ಬಟ್ಟೆ. ಜೊತೆಗೆ ತನ್ನ ಅರಸನಿಂದ ಇನ್ನೊಬ್ಬ ಅರಸನಿಗೆ ಪತ್ರ. ಬೇಡಲು ಹೋಗುವವನ ಲಕ್ಷಣವೇ ಇದು? ಕೊಂಡುಕೊಳ್ಳಲು ಹೋಗುವವನದು. ವಾಸಿಯಾದರೂ ನಾನು ಯಾರ ಋಣದಲ್ಲೂ ಇಲ್ಲ ಅಂತ ಹೇಳಿಕೊಳ್ಳಬೇಕಲ್ಲ.

ಆ ಪ್ರವಾದಿ ಎಲೀಷನ ಮನೆಯ ಬಾಗಿಲಿಗೆ ರಥ, ಕುದುರೆ ಎಲ್ಲ ಬಂದು ನಿಲ್ಲುತ್ತವೆ. ಎಲೀಷ ಹೊರಗೇ ಬರುವುದಿಲ್ಲ. ಆಳಿನ ಕೈಲಿ ಹೇಳಿ ಕಳಿಸುತ್ತಾನೆ: ಹೋಗಿ ಯೊರ್ದನ್ ಹೊಳೆಯಲ್ಲಿ ಏಳು ಸಲ ಸ್ನಾನ ಮಾಡು. ನಾಮಾನನಿಗೆ ಸಿಟ್ಟು ನೆತ್ತಿಗೇರುತ್ತದೆ. ಅವನ ಮಾತು ಗಮನಿಸಿ. ಅವನು ಹೊರಗೆ ಬಂದು ನಿಂತು, ತನ್ನ ದೇವರ ಹೆಸರು ಹೇಳಿ, ರೋಗ ಇರುವ ಕಡೆ ಕೈ ಆಡಿಸುತ್ತಾನೆ ಅಂದುಕೊಂಡಿದ್ದೆ ಅನ್ನುತ್ತಾನೆ. ಅಂದರೆ ತಾನು ಹೇಗೆ ಗುಣವಾಗಬೇಕು ಅಂತ ಮೊದಲೇ ಚಿತ್ರ ಬರೆದುಕೊಂಡು ಬಂದಿದ್ದ, ತನ್ನ ಅಂತಸ್ತಿಗೆ ತಕ್ಕ ಹಾಗೆ. ನಮ್ಮ ದಮಸ್ಕದ ಅಬಾನಾ, ಪರ್ಪರ್ ಹೊಳೆಗಳು ಇದಕ್ಕಿಂತ ಒಳ್ಳೆಯವಲ್ಲವೇ ಅಂತ ಬೇರೆ ಕೇಳುತ್ತಾನೆ. ಕೊನೆಗೆ ಅವನ ಆಳುಗಳೇ ಸಮಾಧಾನ ಮಾಡುತ್ತಾರೆ. ದೊಡ್ಡದೇನಾದರೂ ಮಾಡು ಅಂದಿದ್ದರೆ ಮಾಡುತ್ತಿದ್ದಿಯಲ್ಲ, ಇದು ಬರೀ ಸ್ನಾನ, ಮಾಡಬಾರದೇ ಅಂತ.

ಮುಳುಗಬೇಕಾದರೆ ಏನು ಮಾಡಬೇಕು? ಬಟ್ಟೆ ಬಿಚ್ಚಬೇಕು. ಸೇನಾಪತಿಯ ಕವಚದ ಕೆಳಗೆ ಇಷ್ಟು ದಿನ ಮುಚ್ಚಿಟ್ಟಿದ್ದ ಚರ್ಮ ಅವನ ಆಳುಗಳೆಲ್ಲರ ಕಣ್ಣಿಗೆ ಬೀಳುತ್ತದೆ. ಇದು ಸತ್ಯವೇದದಲ್ಲಿ ಬರೆದಿಲ್ಲ, ನಾನು ಹೇಳುತ್ತಿರುವುದು. ಆದರೆ ದಡದಲ್ಲಿ ಅವರು ಕಣ್ಣು ಮುಚ್ಚಿಕೊಂಡು ನಿಂತಿದ್ದರು ಅಂತ ನನಗೆ ಅನಿಸುವುದಿಲ್ಲ. ಮೊದಲ ಸಲ ಮುಳುಗಿ ಎದ್ದಾಗ ಚರ್ಮ ಹಾಗೇ ಇದ್ದಿರಬೇಕು. ಎರಡನೇ ಸಲ, ಮೂರನೇ ಸಲವೂ. ಆ ನಡುವಿನ ಸಲಗಳೇ ಕಷ್ಟದವು ನೋಡಿ.

ನನ್ನ ಯೊರ್ದನ್ ಬೇರೆ ರೀತಿಯಲ್ಲಿ ಬಂತು, ಸ್ವಲ್ಪ ನಗೆಪಾಟಲಾಗಿಯೇ.

ನಮ್ಮ ದೇವಾಲಯದ ಬಾಗಿಲ ಹತ್ತಿರ ಪ್ರಾರ್ಥನಾ ಪೆಟ್ಟಿಗೆ ಇದೆ. ಹೆಸರು ಹೇಳಲು ಮುಜುಗರ ಇರುವವರು ಚೀಟಿ ಹಾಕಬಹುದು. ಒಂದು ಶನಿವಾರ ಯಾರೂ ಇಲ್ಲದಾಗ ಹೋಗಿ ‘ನರದ ಕಾಯಿಲೆ ಇರುವ ಒಬ್ಬ ಸಹೋದರನ ಸ್ವಸ್ಥತೆಗಾಗಿ’ ಅಂತ ಬರೆದು ಹಾಕಿ ಬಂದೆ. ಅಬ್ಬಾ, ಕೊನೆಗೂ ಕೇಳಿದೆ, ಮಾನವೂ ಉಳಿಯಿತು ಅಂದುಕೊಂಡೆ. ಬುಧವಾರ ಕೂಟದಲ್ಲಿ ಚೀಟಿ ಓದಬೇಕಾದವರು ಜ್ವರ ಅಂತ ಬರಲಿಲ್ಲ. ಪೆಟ್ಟಿಗೆ ನನ್ನ ಕೈಗೇ ಬಂತು. ನನ್ನ ಚೀಟಿಯನ್ನು ನಾನೇ ಗಟ್ಟಿಯಾಗಿ ಓದಿದೆ. ನನ್ನ ಅಕ್ಷರ ನನಗೇ ಓದಲು ಬರದಷ್ಟು ಚಿಕ್ಕದಿತ್ತು, ಕನ್ನಡಕ ಮೇಲೆ ಕೆಳಗೆ ಮಾಡಿ ಓದಿದೆ. “ಈ ಸಹೋದರನಿಗಾಗಿ ಯಾರು ಪ್ರಾರ್ಥನೆ ಮಾಡುತ್ತೀರಿ?” ಅಂತ ಕೇಳಿದೆ. ಹೆಂಗಸರ ಸಾಲಿನಿಂದ ನನ್ನ ಹೆಂಡತಿ ಎದ್ದು ನಿಂತಳು. ಆ ಸಹೋದರನಿಗಾಗಿ ಐದು ನಿಮಿಷ ಬಹಳ ಚೆನ್ನಾಗಿ ಪ್ರಾರ್ಥನೆ ಮಾಡಿದಳು. ಎಲ್ಲರೂ ಆಮೆನ್ ಅಂದರು. ನಾನೂ ಅಂದೆ.

ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತು ಅವಳು ಏನೂ ಮಾತಾಡಲಿಲ್ಲ. ಗೇಟು ತೆಗೆಯುವಾಗ ಹೇಳಿದಳು: “ಕಿರಾಣಿ ಚೀಟಿ ಬರಿಯೋದು ಯಾರ್ರೀ ಮನ್ಯಾಗ? ಆರು ತಿಂಗಳಿಂದ ಆ ಸಾಸಿವಿ ಅಕ್ಷರ ನಾ ಓದಾಕ್ಹತ್ತೇನಿ.” ಪೆಟ್ಟಿಗೆ ಖಾಲಿ ಮಾಡಿ ಚೀಟಿಗಳನ್ನು ಮೇಜಿನ ಮೇಲೆ ಇಟ್ಟಿದ್ದಾಗಲೇ ಅವಳು ನೋಡಿದ್ದಳು. ವಿಟಮಿನ್ ಮಾತ್ರೆ ಯಾವುದು ಅಂತಲೂ ಅವಳಿಗೆ ಎಂದೋ ಗೊತ್ತಿತ್ತು, ಮೆಡಿಕಲ್ ಶಾಪಿನವನನ್ನು ಕೇಳಿಬಿಟ್ಟಿದ್ದಳು. “ಮತ್ತೆ ಸುಮ್ಮನಿದ್ದೆಯಲ್ಲ?” ಅಂದೆ. “ನೀವು ಹೇಳ್ತೀರೇನು ಅಂತ ದಾರಿ ಕಾಯಾಕ್ಹತ್ತಿದ್ದೆ” ಅಂದಳು.

ಅವತ್ತು ರಾತ್ರಿ ಯಾಕೋಬನ ಪತ್ರಿಕೆ ತೆಗೆದೆವು. ಐದನೇ ಅಧ್ಯಾಯ, 14ನೇ ವಚನ. ಕಾಯಿಲೆ ಬಿದ್ದವನು ಸಭೆಯ ಹಿರಿಯರನ್ನು ಕರೇಕಳುಹಿಸಲಿ, ಅವರು ಎಣ್ಣೆ ಹಚ್ಚಿ ಅವನಿಗಾಗಿ ಪ್ರಾರ್ಥಿಸಲಿ ಅಂತ ಅದರಲ್ಲಿದೆ. ಈ ವಚನವನ್ನು ಎಷ್ಟು ಮನೆಗಳಲ್ಲಿ ನಾನೇ ಓದಿದ್ದೇನೋ ಲೆಕ್ಕವಿಲ್ಲ. ಓದಿದಾಗಲೆಲ್ಲ ನನ್ನ ಕಣ್ಣು ‘ಹಿರಿಯರು’ ಅನ್ನುವ ಪದದ ಮೇಲೆ ಇರುತ್ತಿತ್ತು, ಯಾಕೆಂದರೆ ನಾನು ಹಿರಿಯ. ಅವತ್ತು ಕಣ್ಣು ಇನ್ನೊಂದು ಪದದ ಮೇಲೆ ನಿಂತಿತು, ‘ಕರೇಕಳುಹಿಸಲಿ’. ಯಾರು ಕರೇಕಳುಹಿಸಬೇಕು? ಕಾಯಿಲೆ ಬಿದ್ದವನು. ಹಿರಿಯರು ಸುದ್ದಿ ಕೇಳಿ ತಾವಾಗಿ ಬರಬೇಕು ಅಂತ ಅಲ್ಲಿ ಇಲ್ಲ. ‘ನಾನು ಆಸ್ಪತ್ರೆಯಲ್ಲಿದ್ದೆ, ಸಭೆಯವರು ಒಬ್ಬರೂ ತಿರುಗಿ ನೋಡಲಿಲ್ಲ’ ಅಂತ ಎಷ್ಟೋ ಜನ ದೂರುತ್ತಾರೆ. ದೂರಿನಲ್ಲಿ ನಿಜವೂ ಇರುತ್ತದೆ. ಆದರೆ ಮೊದಲ ಹೆಜ್ಜೆಯನ್ನು ಯಾಕೋಬ ರೋಗಿಯ ಕೈಗೇ ಕೊಟ್ಟಿದ್ದಾನೆ, ಮೈ ಸೋತವನ ಮೇಲೆ ಇದೊಂದು ಭಾರ ಬೇರೆ. ನಾನು ಇಷ್ಟು ವರ್ಷ ಅದನ್ನು ಬರೀ ಪದ್ಧತಿಯ ಮಾತು ಅಂದುಕೊಂಡಿದ್ದೆ.

ಎರಡು ವಚನ ಮುಂದೆ ಹೋದರೆ ಇನ್ನೂ ಕಷ್ಟ. ನಿಮ್ಮ ತಪ್ಪುಗಳನ್ನು ಒಬ್ಬರಿಗೊಬ್ಬರು ಒಪ್ಪಿಕೊಂಡು, ಸ್ವಸ್ಥರಾಗುವ ಹಾಗೆ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿ ಅಂತ ಇದೆ. ಇದಕ್ಕೆ ನಮ್ಮ ಸಭೆಗಳಿಗೆ ದೂರದ ನೆಂಟಸ್ತಿಕೆ ಇರುವ ಒಬ್ಬರ ಕಥೆ ಹೇಳಬೇಕು. ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಯೋಹಾನ್ ಕ್ರಿಸ್ಟೋಫ್ ಬ್ಲೂಮ್‌ಹಾರ್ಟ್. ಇವರು 1830ರ ದಶಕದಲ್ಲಿ, ಸುವಾರ್ತೆ ಸಾರುವವರನ್ನು ಕಳಿಸುತ್ತಿದ್ದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ತರಬೇತಿ ಮನೆಯಲ್ಲಿ ಪಾಠ ಹೇಳುತ್ತಿದ್ದರು. ಅದೇ ಮನೆಯಿಂದ ಹೊರಟವರು 1834ರಲ್ಲಿ ಮಂಗಳೂರು ತಲುಪಿದರು, 1837ರಲ್ಲಿ ಧಾರವಾಡಕ್ಕೂ ಬಂದರು. ನಮ್ಮ ಅಜ್ಜ ಮುತ್ತಜ್ಜಂದಿರು ಕೇಳಿದ ಸುವಾರ್ತೆ ಬಂದದ್ದು ಆ ದಾರಿಯಲ್ಲಿ. ಬ್ಲೂಮ್‌ಹಾರ್ಟ್ ಮಾತ್ರ ಹಡಗು ಹತ್ತಲಿಲ್ಲ, 1838ರಲ್ಲಿ ಮ್ಯೋಟ್ಲಿಂಗನ್ ಅನ್ನುವ ಹಳ್ಳಿಗೆ ಪಾಸ್ಟರ್ ಆಗಿ ಹೋದರು. ಅಲ್ಲಿ ಬಹುಕಾಲದಿಂದ ನರಳುತ್ತಿದ್ದ ಒಬ್ಬ ಹೆಣ್ಣುಮಗಳಿಗಾಗಿ ಎರಡು ವರ್ಷದಷ್ಟು ಪ್ರಾರ್ಥನೆಯಲ್ಲಿ ಹೋರಾಡಿದರು, 1843ರ ಕೊನೆಗೆ ಅವಳಿಗೆ ಬಿಡುಗಡೆ ಆಯಿತು. ಇದು ಎಲ್ಲರೂ ಹೇಳುವ ಕಥೆ. ನನಗೆ ಹಿಡಿಸಿದ್ದು ಆಮೇಲಿನದು. ಮಾರನೇ ವರ್ಷದ ಆರಂಭದಿಂದ ಆ ಹಳ್ಳಿಯವರು ಒಬ್ಬೊಬ್ಬರಾಗಿ ಪಾಸ್ಟರ್ ಮನೆಯ ಬಾಗಿಲು ತಟ್ಟಿ, ಒಳಗೆ ಕೂತು, ತಮ್ಮ ತಪ್ಪುಗಳನ್ನು ಹೇಳಿಕೊಳ್ಳತೊಡಗಿದರು. ಹಾಗೆ ಹೇಳಿಕೊಂಡು ಹೋದವರಲ್ಲಿ ಕೆಲವರು ತಮ್ಮ ಮೈಯ ಕಾಯಿಲೆಯೂ ಇಳಿಯಿತು ಅಂದರು. ಸುದ್ದಿ ಹರಡಿ ದೂರದಿಂದ ರೋಗಿಗಳು ಬಂದು ತುಂಬಿಕೊಂಡರು, ಸಭೆಯ ಮೇಲಿನ ಅಧಿಕಾರಿಗಳು ಇದು ನಿನ್ನ ಕೆಲಸ ಅಲ್ಲ, ರೋಗಿಗಳನ್ನು ಡಾಕ್ಟರರ ಹತ್ತಿರ ಕಳಿಸು ಅಂದರು. ಅವರು 1852ರಲ್ಲಿ ಬಾದ್ ಬೋಲ್ ಅನ್ನುವ ಕಡೆ ಹಳೆಯ ಗಂಧಕದ ಸ್ನಾನದ ಮನೆಯೊಂದನ್ನು ತೆಗೆದುಕೊಂಡು, ನೊಂದು ಬಂದವರನ್ನು ಅಲ್ಲಿ ಇರಿಸಿಕೊಂಡು, 1880ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದರು. ಮ್ಯೋಟ್ಲಿಂಗನ್ನಿನ ಆ ಬಾಗಿಲು ನನ್ನ ಕಣ್ಣ ಮುಂದೆ ಬರುತ್ತದೆ. ಚಿಕ್ಕ ಊರು, ಯಾರು ಪಾಸ್ಟರ್ ಮನೆಗೆ ಹೋದರು ಅಂತ ಸಂಜೆಗೆ ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾಗಲಿ ಅಂತಲೇ ಹೋದರಲ್ಲ!

ನಾನೂ ಕರೆಸಿದೆ. ಡಿಸೆಂಬರ್ ತಿಂಗಳು, ಧಾರವಾಡದ ಚಳಿ. ಪಾಸ್ಟರ್ ಮತ್ತು ಮೂವರು ಹಿರಿಯರು ಬಂದರು. ಅವರಲ್ಲಿ ಒಬ್ಬರ ಜೊತೆ ದೇವಾಲಯದ ಲೆಕ್ಕಪತ್ರದ ವಿಷಯಕ್ಕೆ ನನಗೆ ಮಾತು ನಿಂತು ಎಂಟು ತಿಂಗಳಾಗಿತ್ತು. ಅವರನ್ನು ಬಿಟ್ಟು ಉಳಿದ ಇಬ್ಬರನ್ನು ಕರೆಯೋಣ ಅಂದಿದ್ದೆ, ಹೆಂಡತಿ ಒಪ್ಪಲಿಲ್ಲ. ಪಾಸ್ಟರ್ ಎಣ್ಣೆ ಸೀಸೆ ಮರೆತು ಬಂದಿದ್ದರು. ನಮ್ಮ ಮನೆಯ ಕೊಬ್ಬರಿ ಎಣ್ಣೆ ತಂದರೆ ಅದು ಚಳಿಗೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಹೆಂಡತಿ ಸ್ಟೀಲ್ ಬಟ್ಟಲಿಗೆ ಚಮಚದಿಂದ ಕೆರೆದು ಹಾಕಿ ಗ್ಯಾಸಿನ ಮೇಲೆ ಇಟ್ಟಳು. ನಾವು ಐದು ಜನ ಗಂಡಸರು ಹೊರಗೆ ಸೋಫಾದಲ್ಲಿ ಸುಮ್ಮನೆ ಕೂತಿದ್ದೆವು. ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುವುದು ನನ್ನ ರೂಢಿ. ಅವತ್ತು ತೆಗೆದು ಮೊಣಕಾಲಿನ ಮೇಲೆ ಇಟ್ಟೆ. ಅದು ತನ್ನ ಕೆಲಸ ಶುರು ಮಾಡಿತು. ಎಲ್ಲರೂ ನೋಡಿದರು. ಮಾತು ಬಿಟ್ಟಿದ್ದ ಆ ಹಿರಿಯರೇ ಎದ್ದು ಬಂದು ನನ್ನ ಪಕ್ಕ ಕೂತರು. ಎಣ್ಣೆ ಕರಗಿ ಬರುವ ತನಕ ಆ ಕೈಯನ್ನು ಹಿಡಿದುಕೊಂಡಿದ್ದರು. ಲೆಕ್ಕಪತ್ರದ ಮಾತು ಇಬ್ಬರೂ ಎತ್ತಲಿಲ್ಲ. ಅದು ಆಮೇಲೆ ಆಯಿತು, ಸ್ವಲ್ಪ ಜಗಳದ ಜೊತೆಗೇ.

ಯೇಸುವಿನ ಹತ್ತಿರ ಬಂದವರನ್ನೂ ನೋಡಿ. ಮಾರ್ಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಕುರುಡ ಬಾರ್ತಿಮಾಯ ಕೂಗುತ್ತಾನೆ, ಜನ ಸುಮ್ಮನಿರು ಅಂತ ಗದರಿಸುತ್ತಾರೆ, ಯೇಸು ಅವನನ್ನು ಕರೆಸಿ ‘ನಾನು ನಿನಗೆ ಏನು ಮಾಡಬೇಕು?’ ಅಂತ ಕೇಳುತ್ತಾನೆ. ಕುರುಡನನ್ನು ಕೇಳುವ ಪ್ರಶ್ನೆಯೇ ಇದು ಅಂತ ಅನಿಸುತ್ತದೆ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮೊದಲು ತನ್ನ ಶಿಷ್ಯರಾದ ಯಾಕೋಬ ಮತ್ತು ಯೋಹಾನರನ್ನೂ ಇದೇ ಪ್ರಶ್ನೆ ಕೇಳಿದ್ದಾನೆ. ಅವರು ಬಲಗಡೆ ಒಂದು ಕುರ್ಚಿ, ಎಡಗಡೆ ಒಂದು ಕುರ್ಚಿ ಕೇಳಿದರು. ಕುರುಡ ಕಣ್ಣು ಕೇಳಿದ. ಅವನಿಗೆ ತನಗೆ ಏನಿಲ್ಲ ಅಂತ ಗೊತ್ತಿತ್ತು. ಇನ್ನು ಹನ್ನೆರಡು ವರ್ಷ ರಕ್ತಸ್ರಾವವಿದ್ದ ಆ ಹೆಂಗಸು, ನನ್ನ ಚೀಟಿಯ ಹಾಗೇ ಅವಳದೂ. ಹಿಂದಿನಿಂದ ಬಂದು ಬಟ್ಟೆ ಮುಟ್ಟಿ, ಯಾರಿಗೂ ಗೊತ್ತಾಗದ ಹಾಗೆ ಹೋಗಿಬಿಡೋಣ ಅಂತ. ಗುಣವೂ ಆಯಿತು. ಯೇಸು ಬಿಡಲಿಲ್ಲ, ಯಾರು ಮುಟ್ಟಿದ್ದು ಅಂತ ನಿಂತೇಬಿಟ್ಟ, ಅವಳು ನಡುಗುತ್ತಾ ಬಂದು ಎಲ್ಲವನ್ನೂ ಹೇಳುವ ತನಕ. ಎಲ್ಲ ಕೇಳಿದ ಮೇಲೆ ಅವಳನ್ನು ‘ಮಗಳೇ’ ಅಂದ.

ಒಂದು ಮಾತು ಖಾರವಾಗಿ ಹೇಳುತ್ತೇನೆ. ಪ್ರಾರ್ಥನೆ ಕೇಳುವುದು ಅಂದರೆ ಮಾತ್ರೆ ಬಿಡುವುದಲ್ಲ. ದೊಡ್ಡ ಶಾಮಿಯಾನ ಹಾಕಿ, ಮೈಕು ಹಿಡಿದು, ನಂಬಿಕೆ ಇದ್ದರೆ ಇನ್ಸುಲಿನ್ ಎಸೆಯಿರಿ ಅಂತ ಹೇಳಿಸಿಕೊಂಡು ಬಂದು ಐಸಿಯು ಸೇರಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಗುಣವಾಗದಿದ್ದರೆ ‘ನಿನಗೆ ನಂಬಿಕೆ ಸಾಲದು’ ಅನ್ನುವುದು, ರೋಗದ ಮೇಲೆ ಇನ್ನೊಂದು ರೋಗ ಹೇರುವ ಕೆಲಸ. ಸತ್ಯವೇದದಲ್ಲಿ ಹಿಜ್ಕೀಯ ಅರಸ ಸಾಯುವಷ್ಟು ಕಾಯಿಲೆ ಬಿದ್ದಾಗ ಗೋಡೆಯ ಕಡೆ ಮುಖ ತಿರುಗಿಸಿ ಅತ್ತು ಬೇಡಿದ, ದೇವರು ಕೇಳಿದ, ಆಮೇಲೆ ಪ್ರವಾದಿ ಯೆಶಾಯ ಅಂಜೂರದ ಉಂಡೆ ತಂದು ಹುಣ್ಣಿಗೆ ಕಟ್ಟಿ ಅಂದ. ಕಣ್ಣೀರು, ಪಟ್ಟಿ ಎರಡೂ ಒಂದೇ ಅಧ್ಯಾಯದಲ್ಲಿವೆ. ಫಾದರ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಔಷಧಿ ಕೊಡಲು ಶುರು ಮಾಡಿದರು, ಬಾಸೆಲ್ ಮಿಷನ್ನಿನವರು ಗದಗ-ಬೆಟಗೇರಿಯಲ್ಲಿ ಆಸ್ಪತ್ರೆ ಕಟ್ಟಿದರು. ಅವರಿಗೆ ಪ್ರಾರ್ಥನೆಯಲ್ಲಿ ನಂಬಿಕೆ ಕಡಿಮೆ ಇತ್ತೇನು? ನನ್ನ ಲೆವೊಡೋಪಾ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳುತ್ತೇನೆ. ಬೇಳೆ, ಮೊಟ್ಟೆ, ಮಾಂಸದ ಜೊತೆ ತೆಗೆದುಕೊಂಡರೆ ಸರಿಯಾಗಿ ಹತ್ತುವುದಿಲ್ಲ. ಮಾತ್ರೆ ನುಂಗುವಾಗಲೇ ಊಟದ ಪ್ರಾರ್ಥನೆಯೂ ಮುಗಿಸಿಬಿಡುತ್ತೇನೆ, ಅರ್ಧ ಗಂಟೆ ಮುಂಚೆ. ಹೆಂಡತಿ ಬೈಯುತ್ತಾಳೆ.

ಮಾತು ಮುಗಿದ ಮೇಲೆ ಪ್ರಶ್ನೆ ಕೇಳಿ ಅಂದೆ. ನರ್ಸ್ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ಎದ್ದು, “ಅಂಕಲ್, ಎಲ್ಲರ ಮುಂದೆ ಕೇಳಿ, ಗುಣ ಆಗದಿದ್ದರೆ? ಕೇಳದೇ ಇದ್ದಿದ್ದರೆ ಕನಿಷ್ಠ ಆ ನಿರಾಸೆ ಇರುತ್ತಿರಲಿಲ್ಲ” ಅಂದಳು. ಒಳ್ಳೆಯ ಪ್ರಶ್ನೆ. ನನಗೆ ಪೂರ್ತಿ ಉತ್ತರ ಗೊತ್ತಿಲ್ಲ ಅಂತಲೇ ಹೇಳಿದೆ. ಅಪೊಸ್ತಲ ಪೌಲ ತನ್ನ ಶರೀರದ ಶೂಲ ತೆಗೆದುಬಿಡು ಅಂತ ಮೂರು ಸಲ ಬೇಡಿದ. ಹೋಗಲಿಲ್ಲ. ‘ನನ್ನ ಕೃಪೆಯೇ ನಿನಗೆ ಸಾಕು’ ಅನ್ನುವ ಉತ್ತರ ಬಂತು. ಈ ವಚನವನ್ನು ನಾವು ಸಾವಿನ ಮನೆಗಳಲ್ಲಿ ಬೇಗ ಬೇಗ ಹೇಳಿಬಿಡುತ್ತೇವೆ, ಅದು ಮೂರು ಸಲ ಬೇಡಿದವನಿಗೆ ಬಂದ ಉತ್ತರ ಅನ್ನುವುದನ್ನು ಮರೆತು. ಕೇಳದೇ ಕೂತವನಿಗೆ ಆ ಮಾತು ಬಂದದ್ದಲ್ಲ. ಅದೇ ಪೌಲ ತಿಮೊಥೆಯನಿ‌ಗೆ ಬರೆಯುವಾಗ ಪತ್ರದ ಕೊನೆಯಲ್ಲಿ ಒಂದು ಸಾಲು ಹಾಕುತ್ತಾನೆ: ಜೊತೆಗಾರ ತ್ರೊಫಿಮನನ್ನು ಮಿಲೇತ ಊರಲ್ಲಿ ಬಿಟ್ಟು ಬಂದೆ, ಅವನಿಗೆ ಹುಷಾರಿರಲಿಲ್ಲ. ಅಷ್ಟೇ. ಯಾಕೆ ಗುಣವಾಗಲಿಲ್ಲ ಅಂತ ವಿವರಣೆ ಇಲ್ಲ, ಅವನ ನಂಬಿಕೆಯ ಬಗ್ಗೆ ಟೀಕೆಯೂ ಇಲ್ಲ.

ನಿರಾಸೆ ಆಗುತ್ತದಮ್ಮಾ ಅಂದೆ. ನನಗೂ ಆಗಿದೆ. ಎಣ್ಣೆ ಹಚ್ಚಿದ ರಾತ್ರಿ ಮಲಗುವಾಗ ನಾಳೆ ಬೆಳಿಗ್ಗೆ ಕೈ ನಿಂತಿರುತ್ತದೆ ಅಂತ ಚಿಕ್ಕ ಹುಡುಗನ ಹಾಗೆ ಅಂದುಕೊಂಡಿದ್ದೆ. ಬೆಳಿಗ್ಗೆ ಹಲ್ಲುಜ್ಜುವಾಗ ಬಲಗೈ ಬ್ರಷ್ ಹಿಡಿದಿತ್ತು, ಎಡಗೈ ಬತ್ತಿ ಹೊಸೆಯುತ್ತಿತ್ತು. ಮಗಳ ಸಂಬಂಧವೂ ಮುಂದೆ ಹೋಗಲಿಲ್ಲ. ಕಾರಣ ಇದೇನಾ ಅಂತ ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಮಗಳು ಮಾತ್ರ “ನನಗೆ ಮೊದಲೇ ಹೇಳಬೇಕಿತ್ತು ಪಪ್ಪಾ” ಅಂತ ಎರಡು ದಿನ ಸಿಟ್ಟಾಗಿದ್ದಳು. ಈಗಲೂ ದಿನಾ ಕೇಳುತ್ತೇನೆ, ಹೆಸರು ಹೇಳಿ, ಎಡಗೈ ಅಂತ ಹೇಳಿ, ಪಾರ್ಕಿನ್ಸನ್ ಅಂತ ಹೇಳಿ. ನಾಮಾನನ ಎಷ್ಟನೇ ಮುಳುಗು ಇದು ಅಂತ ಲೆಕ್ಕ ಇಟ್ಟಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಹುಡುಗ, “ಕಾಣಿಕೆ ತಟ್ಟೆ ಈಗಲೂ ನೀವೇ ಹಿಡೀತೀರಾ?” ಅಂತ ಕೇಳಿದ. ಹಿಡಿಯುತ್ತೇನೆ. ನೋಟು ಹಾಸುವುದು ಬಿಟ್ಟಿದ್ದೇನೆ. ಮೂರನೇ ಸಾಲಿನ ಅಜ್ಜಿ ತಟ್ಟೆಯ ಆ ಕಡೆಯ ಅಂಚು ಹಿಡಿದುಕೊಂಡೇ ದುಡ್ಡು ಹಾಕುತ್ತಾರೆ. ಮಖಮಲ್ ಬಟ್ಟೆ ಹೊಸದು ಹಾಕಿಸಬೇಕು ಅಂತ ಕಮಿಟಿಯಲ್ಲಿ ಠರಾವು ಆಗಿದೆ, ಕೆಲಸ ಆಗಿಲ್ಲ.

ಇಷ್ಟು ಅವತ್ತು ನಡೆದದ್ದು. ಎರಡು ದಿನದ ಮೇಲೆ ಕೂಟಕ್ಕೆ ಬಂದಿದ್ದ ಒಬ್ಬರು ಸಂಜೆ ಸ್ಕೂಟರ್ ಮೇಲೆ ಮನೆಗೆ ಬಂದರು. ಚಹಾ ಕುಡಿದರು. ಬಿಸಿಲಿನ ಬಗ್ಗೆ, ನೀರು ಎಂಟು ದಿನಕ್ಕೊಮ್ಮೆ ಬರುವುದರ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಎದ್ದು ಹೊರಟು, ಚಪ್ಪಲಿ ಹಾಕಿಕೊಂಡು, ಗೇಟಿನ ಹತ್ತಿರ ನಿಂತು, ನನ್ನ ಕಡೆ ನೋಡದೆ ಕೇಳಿದರು: “ಆ ಕೊಬ್ರಿ ಎಣ್ಣಿ ಇನ್ನೂ ಐತೇನ್ರಿ ನಿಮ್ಮ ಮನ್ಯಾಗ?”

“ಐತ್ರಿ. ಯಾರಿಗೆ?” ಅಂದೆ.

ಅವರು ಸ್ವಲ್ಪ ಹೊತ್ತು ಗೇಟಿನ ಚಿಲಕ ಆಡಿಸುತ್ತಾ ನಿಂತರು. ಆಮೇಲೆ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದರು.